ವ್ರತ, ನೇಮ, ನೌಕರಿ: ದುಡಿಯುವ ಹೆಣ್ಣುಮಕ್ಕಳ ಮನೆಯಲ್ಲಿ ಹಬ್ಬದ ಹೊಣೆ ಯಾರದು?

ಬ್ಯಾಂಕ್ ಉದ್ಯೋಗಿ, ದಾವಣಗೆರೆ (ಚರ್ಚೆಯ ಆರಂಭ)

ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ, ಗುರುವಾರ, ನಮ್ಮ ಕಡೆಯ ಯಾವ ಬ್ಯಾಂಕ್ ಶಾಖೆಗೆ ಹೋದರೂ ಲಾಕರ್ ಕೋಣೆಯ ಮುಂದೆ ಹೆಂಗಸರ ಸಾಲು ಇರುತ್ತದೆ. ದೇವಿಗೆ ಹಾಕುವ ಕಾಸಿನ ಸರ, ಡಾಬು, ಬೆಳ್ಳಿಯ ಮುಖವಾಡ ಎಲ್ಲವೂ ಅಂದು ಹೊರಗೆ ಬರಬೇಕು. ಲಾಕರಿನ ಎರಡು ಕೀಲಿಗಳಲ್ಲಿ ಒಂದು ಶಾಖೆಯ ಬಳಿ ಇರುವುದರಿಂದ, ಆ ಕೆಲಸ ನೋಡಿಕೊಳ್ಳುವ ನಾನು ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರ ಜೊತೆಯೂ ಒಳಗೆ ಹೋಗಿ ಬರುತ್ತೇನೆ. ನಮ್ಮ ಮನೆಯ ಒಡವೆಯ ಸರದಿ ಬರುವುದು ಕೊನೆಯ ಗ್ರಾಹಕರು ಹೋದ ಮೇಲೆ. ಅಲ್ಲಿಂದ ಮನೆಗೆ ಬಂದು, ಒಬ್ಬಟ್ಟಿಗೆ ಕಡಲೆಬೇಳೆ ಬೇಯಲು ಇಟ್ಟು, ಕಲಶಕ್ಕೆ ಸೀರೆ ಉಡಿಸಲು ಕುಳಿತಾಗ ರಾತ್ರಿ ಹತ್ತು ದಾಟಿರುತ್ತದೆ. ಒಂಬತ್ತು ಗಜದ ಸೀರೆಯನ್ನು ಒಂದು ಮೊಳದ ಕಲಶಕ್ಕೆ ಜಾರದ ಹಾಗೆ ನೆರಿಗೆ ಹಿಡಿದು ಪಿನ್ನು ಹಾಕುವುದು ಎಷ್ಟು ಹೊತ್ತಿನ ಕೆಲಸವೆಂಬುದು ಮಾಡಿದವರಿಗೇ ಗೊತ್ತು. ಬೆಳಗಾದರೆ ಹತ್ತೂವರೆಗೆ ರಾಹುಕಾಲ ಶುರುವಾಗುತ್ತದೆ. ಅದಕ್ಕೆ ಮುಂಚೆ ಪೂಜೆ ಮುಗಿಯಬೇಕು. ಶಾಖೆಯ ಬಾಗಿಲು ತೆರೆಯುವುದು ಹತ್ತಕ್ಕೆ.

ರಾಜ್ಯ ಸರ್ಕಾರಿ ನೌಕರರಿಗೆ ಈ ವ್ರತ ಪರಿಮಿತ ರಜೆಗಳ ಪಟ್ಟಿಯಲ್ಲಿದೆ. ಆದರೆ ಅವರಿಗೂ ವರ್ಷಕ್ಕೆ ಅಂಥ ರಜೆ ಸಿಗುವುದು ಎರಡೇ. ಒಂದನ್ನು ಇದಕ್ಕೆ ಬಳಸಿದರೆ ಉಳಿದ ವ್ರತಗಳನ್ನೆಲ್ಲ ಇನ್ನೊಂದರಲ್ಲಿ ಹೊಂದಿಸಬೇಕು. ನಾನು ಸಾಂದರ್ಭಿಕ ರಜೆ ಹಾಕುತ್ತೇನೆ, ಸಿಕ್ಕಿದರೆ.

ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ನನಗೆ ಈ ವ್ರತ ಬೇಕು. ಅಂದು ಕೈಗೆ ಕಟ್ಟಿಕೊಳ್ಳುವ ಒಂಬತ್ತೆಳೆಯ ದಾರ ನನ್ನ ಪಾಲಿಗೆ ನೆಪಮಾತ್ರದ್ದಲ್ಲ. ಆದರೆ ಈ ವಿಷಯ ಎತ್ತಿದಾಗಲೆಲ್ಲ ನನಗೆ ಸಿಗುವ ಸಲಹೆ ಎರಡೇ ಬಗೆಯವು. ಓದಿಕೊಂಡ ಗೆಳತಿಯರು "ಇದನ್ನೆಲ್ಲ ಇನ್ನೂ ಏಕೆ ಹಿಡಿದುಕೊಂಡಿದ್ದೀಯ, ಬಿಟ್ಟುಬಿಡು" ಎನ್ನುತ್ತಾರೆ. ಮನೆಯವರು "ಅಷ್ಟು ಕಷ್ಟವಾದರೆ ನೌಕರಿ ಏಕೆ" ಎನ್ನುತ್ತಾರೆ. ವ್ರತದ ಸಂಕಲ್ಪ ನನ್ನದು, ಸರಿ. ಅದರ ಫಲವಾದ ಸೌಭಾಗ್ಯ, ಸಂತಾನ, ಸಂಪತ್ತು ಮನೆಯ ಎಲ್ಲರಿಗೂ ಸಲ್ಲುತ್ತದೆ ಎಂದೇ ಪೂಜೆಯ ಕೊನೆಯಲ್ಲಿ ಹೇಳುತ್ತೇವೆ. ಹಾಗಿದ್ದ ಮೇಲೆ ಅದರ ಕೆಲಸವೆಲ್ಲ ಒಬ್ಬಳ ಮೇಲೆಯೇ ಏಕೆ ಬೀಳಬೇಕು? ನಂಬಿಕೆ ಉಳಿಸಿಕೊಂಡು ದುಡಿಯುತ್ತಿರುವವರು ನಿಮ್ಮ ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತಿದ್ದೀರಿ, ತಿಳಿಸಬೇಕು.

ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು

ನಾನೂ ಮೂರು ದಶಕ ಪಾಠ ಮಾಡಿದವಳು, ಮಡಿಯಲ್ಲಿ ಅಡುಗೆ ಮಾಡಿಟ್ಟು ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಓಡಿದವಳು. ಆದ್ದರಿಂದ ಕಷ್ಟ ಗೊತ್ತಿಲ್ಲದೆ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ವ್ರತ ಎಂದರೆ ಸ್ವಲ್ಪ ಕಷ್ಟವನ್ನು ತಾನಾಗಿ ಒಪ್ಪಿಕೊಳ್ಳುವುದು. ಹಸಿವು, ನಿದ್ದೆ, ಆಯಾಸ ಇವುಗಳನ್ನು ಒಂದು ದಿನದ ಮಟ್ಟಿಗೆ ಹಿಂದಕ್ಕೆ ಸರಿಸುವುದೇ ಅದರ ಸತ್ವ. ಎಲ್ಲವನ್ನೂ ಸುಲಭ ಮಾಡಿಕೊಳ್ಳುತ್ತ ಹೋಗಿ, ಅಂಗಡಿಯ ಒಬ್ಬಟ್ಟು, ಬಾಡಿಗೆಯ ಅಲಂಕಾರ, ಮೊಬೈಲಿನಲ್ಲಿ ಮಂತ್ರ ಎಂದಾದರೆ ಉಳಿಯುವುದು ಸೀರೆ ಉಟ್ಟು ತೆಗೆಸಿಕೊಂಡ ಫೋಟೋ ಮಾತ್ರ. ಹೊರೆ ಎನ್ನಿಸಿದರೆ ಚಿಕ್ಕದಾಗಿ ಮಾಡಿ. ಒಂದು ಬಟ್ಟಲು ಸಕ್ಕರೆ ಸಾಕು, ದೇವಿ ಬೇಡವೆನ್ನುವುದಿಲ್ಲ. ಆದರೆ ಮಾಡುವುದಾದರೆ ಕೈಯಾರೆ ಮಾಡಿ. ಅತ್ತೆ, ಗಂಡ ಎಷ್ಟು ಮಾಡಿದರು ಎಂದು ಲೆಕ್ಕ ಹಾಕುತ್ತ ಮಾಡಿದ ಪೂಜೆಯಲ್ಲಿ ಮನಸ್ಸು ನಿಲ್ಲುವುದಿಲ್ಲ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಮ್ಮದು ಲಿಂಗಾಯತ ಮನೆ. ಇಷ್ಟಲಿಂಗ ಪೂಜೆಗೆ ಪುರೋಹಿತರು ಬೇಡ, ಮುಹೂರ್ತ ಬೇಡ, ಮುಟ್ಟಿನ ದಿನಗಳ ಸೂತಕವೂ ಇಲ್ಲ. ಅಂಗೈ ಮೇಲೆ ಇಟ್ಟುಕೊಂಡು ಕುಳಿತರೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ವಿದೇಶದ ತಂಡದೊಡನೆ ರಾತ್ರಿ ಸಭೆಗಳಿರುವ ವಾರಗಳಲ್ಲೂ ನನಗೆ ಅದು ತಪ್ಪಿದ್ದು ಕಡಿಮೆ. ಹನ್ನೆರಡನೆಯ ಶತಮಾನದಲ್ಲೇ ಆಯ್ದಕ್ಕಿ ಮಾರಯ್ಯ ಹೇಳಿದ್ದಾನಲ್ಲ, ಕಾಯಕದಲ್ಲಿ ನಿರತನಾಗಿದ್ದರೆ ಗುರುದರ್ಶನವನ್ನಾದರೂ ಲಿಂಗಪೂಜೆಯನ್ನಾದರೂ ಮರೆಯಬೇಕು ಎಂದು! ಕಚೇರಿಯ ಕೆಲಸವನ್ನೇ ಪೂಜೆಯೆಂದು ತಿಳಿದು ಮಾಡಿದರೆ ಈ ಇಕ್ಕಟ್ಟು ಹುಟ್ಟುವುದೇ ಇಲ್ಲವೆಂದು ನನ್ನ ಅಭಿಪ್ರಾಯ.

ಕಾಲೇಜು ಅಧ್ಯಾಪಕಿ, ಕಲಬುರಗಿ

ಮೇಲಿನವರ ಮಾತಿಗೆ ಒಂದು ತಕರಾರು. ಮಾರಯ್ಯನ ಈ ಮಾತನ್ನು ಕಚೇರಿಗಳ ಗೋಡೆಯ ಮೇಲೆ ಬರೆಸುವವರು ಅವನ ಹೆಂಡತಿ ಲಕ್ಕಮ್ಮನನ್ನು ಮರೆತುಬಿಡುತ್ತಾರೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಆ ದಂಪತಿಯ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟೊಂದು ಆಸೆ ನಮಗೇಕೆ, ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳುಹಿಸಿದವಳು ಲಕ್ಕಮ್ಮ. ಎಷ್ಟು ಸಾಕು ಎಂದು ಹೇಳುವ ಅಧಿಕಾರ ಆ ಮನೆಯಲ್ಲಿ ಅಡುಗೆ ಮಾಡುವವಳ ಕೈಯಲ್ಲಿತ್ತು. ಈಗಿನ ನಮ್ಮ ಮನೆಗಳಲ್ಲಿ "ಐದು ಬಗೆಯ ಭಕ್ಷ್ಯ ಸಾಕು, ಒಂಬತ್ತು ಬೇಡ" ಎನ್ನುವ ಅಧಿಕಾರ ಯಾರಿಗಿದೆ? ಇಷ್ಟಲಿಂಗ ಪೂಜೆ ಹದಿನೈದು ನಿಮಿಷದ್ದು, ನಿಜ. ಆದರೆ ಸ್ವಾಮಿಗಳನ್ನು ಮನೆಗೆ ಬಿನ್ನಹಕ್ಕೆ ಕರೆದ ದಿನ ಹೋಳಿಗೆ ತಟ್ಟಿದವರು ಯಾರು, ಪಾದಪೂಜೆಗೆ ಮುಂದೆ ಕುಳಿತವರು ಯಾರು ಎಂದು ನೆನಪಿಸಿಕೊಳ್ಳಿ. ಸಮಸ್ಯೆ ನಿಮ್ಮ ಮನೆಯಲ್ಲೂ ಇದೆ. ಅದು ನಿತ್ಯಪೂಜೆಯಲ್ಲಿ ಕಾಣುವುದಿಲ್ಲ, ಅಷ್ಟೇ.

ಪ್ರಾಥಮಿಕ ಶಾಲಾ ಶಿಕ್ಷಕಿ, ಹುಬ್ಬಳ್ಳಿ

ರಮಝಾನ್ ತಿಂಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲೂ ಇದೇ ಕಥೆ ಬೇರೆ ವೇಳಾಪಟ್ಟಿಯಲ್ಲಿ ನಡೆಯುತ್ತದೆ. ಉಪವಾಸ ಮನೆಯ ಎಲ್ಲರದು. ಆದರೆ ಸೆಹ್ರಿಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಏಳುವುದು ನಾನು. ಬೆಳಕು ಹರಿಯುವ ಮುಂಚೆ ರೊಟ್ಟಿ ಮಾಡಿ, ಎಲ್ಲರೂ ಉಂಡರೆಂದು ನೋಡಿಕೊಂಡು, ಕೊನೆಯ ನಿಮಿಷಗಳಲ್ಲಿ ನಿಂತುಕೊಂಡೇ ನೀರು ಕುಡಿಯುವವಳೂ ನಾನೇ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಬಡಿಸುವಾಗ ಹಸಿವು ಅಷ್ಟಾಗಿ ಕಾಡುವುದಿಲ್ಲ. ಗಂಟಲು ಒಣಗಿ ಪಾಠ ಮಾಡುವುದು ಕಷ್ಟ. ಸಂಜೆ ಮನೆಗೆ ಬಂದರೆ ಇಫ್ತಾರಿಗೆ ಸಮೋಸ, ಗಂಜಿ, ಹಣ್ಣು ಸಿದ್ಧವಾಗಬೇಕು. ಗಂಡಸರು ಮಸೀದಿಯಲ್ಲಿ ರಮಝಾನಿನ ರಾತ್ರಿಯ ತರಾವೀಹ್ ನಮಾಜು ಮುಗಿಸಿ ಬರುವ ಹೊತ್ತಿಗೆ ನಾನು ಪಾತ್ರೆ ತೊಳೆದು ನನ್ನ ನಮಾಜಿಗೆ ನಿಂತಿರುತ್ತೇನೆ, ಅರ್ಧ ನಿದ್ದೆಯಲ್ಲಿ. ಇಡೀ ತಿಂಗಳಲ್ಲಿ ಕುರ್‌ಆನ್ ಒಮ್ಮೆ ಓದಿ ಮುಗಿಸಬೇಕೆಂಬ ನನ್ನ ಆಸೆ ಪ್ರತಿ ವರ್ಷ ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಇದು: ನಮ್ಮ ಧರ್ಮ ಹೆಣ್ಣಿಗೆ ಸಾಕಷ್ಟು ರಿಯಾಯಿತಿ ಕೊಟ್ಟಿದೆ. ರೋಗಿಗಳೂ ಪ್ರಯಾಣಿಕರೂ ಬೇರೆ ದಿನಗಳಲ್ಲಿ ಉಪವಾಸ ಪೂರೈಸಬಹುದೆಂದು ಕುರ್‌ಆನ್‌ನಲ್ಲೇ ಇದೆ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ವಿನಾಯಿತಿ ಉಂಟು. ಮುಟ್ಟಿನ ದಿನಗಳಲ್ಲಿ ಬಿಟ್ಟ ನಮಾಜನ್ನು ಮತ್ತೆ ಮಾಡಬೇಕಿಲ್ಲ, ಬಿಟ್ಟ ಉಪವಾಸವನ್ನು ಮಾತ್ರ ಆಮೇಲೆ ಪೂರೈಸಬೇಕು. ನನ್ನ ಕಝಾ ಉಪವಾಸಗಳನ್ನು ನಾನು ಡಿಸೆಂಬರಿನಲ್ಲಿ ಇಟ್ಟುಕೊಳ್ಳುತ್ತೇನೆ. ಜೂನಿಗೆ ಹೋಲಿಸಿದರೆ ಆಗ ಹಗಲು ಒಂದೂಮುಕ್ಕಾಲು ಗಂಟೆಯಷ್ಟು ಚಿಕ್ಕದು. ಆ ದಿನಗಳಲ್ಲಿ ಮನೆಯಲ್ಲಿ ಬೇರೆ ಯಾರಿಗೂ ಉಪವಾಸವಿರುವುದಿಲ್ಲ, ಸೆಹ್ರಿಗೆ ಎರಡು ಖರ್ಜೂರ ಸಾಕು, ಸಂಜೆ ಯಾರೂ ಸಮೋಸ ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ವರ್ಷದಲ್ಲಿ ನನ್ನ ಮನಸ್ಸು ಅತ್ಯಂತ ಪ್ರಶಾಂತವಾಗಿ ದೇವರ ಕಡೆ ತಿರುಗುವುದು ಆ ಕೆಲವು ದಿನಗಳಲ್ಲೇ. ಮೈಸೂರಿನ ಹಿರಿಯರು ಹೇಳಿದ ಹಾಗೆ ಉಪವಾಸದ ಕಷ್ಟ ಭಕ್ತಿಯ ಭಾಗ, ಅದನ್ನು ಒಪ್ಪುತ್ತೇನೆ. ಸಮೋಸ ಕರಿಯುವ ಕಷ್ಟ ಯಾವುದರ ಭಾಗ ಎಂಬುದೇ ನನ್ನ ಪ್ರಶ್ನೆ.

ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ರಿಯಾಯಿತಿಯ ಮಾತು ಬಂದದ್ದರಿಂದ ಒಂದು ಮಾತು. ನಮ್ಮ ಅಜ್ಜಿಯ ಕಾಲದಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂರುತ್ತಿದ್ದರು. ಅದು ಅವಮಾನವೇ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಆ ಮೂರು ದಿನ ಒಲೆಯ ಮುಂದೆ ಕೂರುವುದಾದರೂ ತಪ್ಪುತ್ತಿತ್ತು. ಈಗ ಎರಡು ಕೋಣೆಯ ಮನೆಗಳಲ್ಲಿ ಹೊರಗೆ ಕೂರಿಸಲು ಜಾಗವಿಲ್ಲ, ಅಡುಗೆಗೆ ಬೇರೆ ಆಳಿಲ್ಲ. ಹೀಗಾಗಿ ಅಡುಗೆಮನೆಯ ಮೈಲಿಗೆ ಸದ್ದಿಲ್ಲದೆ ಹೋಯಿತು, ದೇವರ ಕೋಣೆಯ ಮೈಲಿಗೆ ಮಾತ್ರ ಉಳಿಯಿತು. ಮನೆಯವರಿಗೆ ಅನುಕೂಲವಾದ ನೇಮ ಸಡಿಲವಾಗಿದೆ, ನಮಗೆ ಅನುಕೂಲವಾಗಬಹುದಾಗಿದ್ದ ನೇಮ ಹಾಗೇ ಇದೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಮ್ಮೂರಿನ ಹೆಂಗಸರು ಕೇಳಿದ್ದು, "ಆ ರಜೆ ಮನೆಯಲ್ಲೂ ಉಂಟೇನು?" ಎಂದು.

ಶುಶ್ರೂಷಕಿ, ಮಂಗಳೂರು

ಆಸ್ಪತ್ರೆಯಲ್ಲಿ ಮೂರು ಪಾಳಿ. ಕಥೊಲಿಕರಿಗೆ ಭಾನುವಾರದ ಬಲಿಪೂಜೆ ಕಡ್ಡಾಯ. ಆದರೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ, ರೋಗಿಗಳ ಆರೈಕೆಯಂಥ ಗಂಭೀರ ಕಾರಣವಿದ್ದವರಿಗೆ ವಿನಾಯಿತಿಯೂ ಇದೆ. ಆದ್ದರಿಂದ ಚರ್ಚಿನ ಜೊತೆ ನನಗೆ ಜಗಳವಿಲ್ಲ. ರಾತ್ರಿ ಮನೆಯಲ್ಲಿ ಎಲ್ಲರೂ ಸೇರಿ ಹೇಳುವ ತೇರ್ಸ್ ಕೂಡ ನನಗೆ ಇಷ್ಟ. ಪಾಳಿ ಮುಗಿಸಿ ಬಂದ ದಿನ ಜಪಮಣಿ ಕೈಯಲ್ಲಿದ್ದಂತೆಯೇ ಕಣ್ಣು ಮುಚ್ಚಿದರೂ ಯಾರೂ ಆಕ್ಷೇಪಿಸುವುದಿಲ್ಲ.

ಕಷ್ಟ ಬರುವುದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ. ಹೊಸ ತೆನೆ ಮನೆಗೆ ಬರುವ ಹಬ್ಬ, ಅಂದು ಸಸ್ಯಾಹಾರ, ಬಡಿಸುವ ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಐದೂ ಬೆಸ, ಹನ್ನೊಂದೂ ಬೆಸ. ಪ್ರತಿ ವರ್ಷವೂ ಹನ್ನೊಂದೇ ಆಗುವುದು ಏಕೆಂದು ನಾನು ಅತ್ತೆಯವರನ್ನು ಕೇಳಿದ್ದೆ. "ಐದು ಮಾಡಿದರೆ ಸೊಸೆ ಕೆಲಸಕ್ಕೆ ಹೋಗುತ್ತಾಳೆಂದು ಮಾಡಲಿಲ್ಲ ಎನ್ನುತ್ತಾರೆ" ಎಂದರು. ಕಲಬುರಗಿಯವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ ಎನ್ನಿಸುತ್ತದೆ: ಎಷ್ಟು ಸಾಕೆಂದು ನಿರ್ಧರಿಸುವವರು ನೆಂಟರು. ಈಗ ನಾದಿನಿಯರು ತಲಾ ಎರಡು ಪಲ್ಯ ಮಾಡಿ ತರುತ್ತಾರೆ. ಹನ್ನೊಂದು ಹಾಗೇ ಉಳಿಯಿತು, ನನ್ನ ಪಾಲು ಮೂರಕ್ಕೆ ಇಳಿಯಿತು.

ಸರ್ಕಾರಿ ನೌಕರ, ಶಿವಮೊಗ್ಗ

ಇಲ್ಲಿಯವರೆಗೆ ಗಂಡಸರಾರೂ ಬರೆದಿಲ್ಲವಾದ್ದರಿಂದ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ನಮ್ಮದು ಮಾಧ್ವ ಮನೆ. ಆಷಾಢ ಶುಕ್ಲದಿಂದ ಕಾರ್ತಿಕ ಶುಕ್ಲದವರೆಗೆ ಚಾತುರ್ಮಾಸ್ಯ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ವ್ರತ ಹಿಡಿದವರು ನಾನು ಮತ್ತು ನನ್ನ ತಂದೆ. ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು ದಿನಕ್ಕೆರಡು ಬಗೆಯ ಅಡುಗೆ ಮಾಡುತ್ತಿದ್ದವಳು ಔಷಧ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ. ಮಗಳು ಹುಟ್ಟಿದ ವರ್ಷ ನಾನು ಮಡಿಯುಟ್ಟು ಒಲೆಯ ಮುಂದೆ ನಿಂತೆ. ಮನೆಯ ಹಿರಿಯರು "ಗಂಡಸರು ಅಡುಗೆಮನೆಗೆ ಹೋದರೆ ಮನೆಗೆ ಶ್ರೇಯಸ್ಸಲ್ಲ" ಎಂದರು.

ನನಗೆ ಆಗ ಹೊಳೆದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಉಡುಪಿಯ ಕೃಷ್ಣಮಠದಲ್ಲಿ ದೇವರ ನೈವೇದ್ಯ ಮಾಡುವವರು ಗಂಡಸರು. ನಾವು ಹೋಗುವ ಬಹುತೇಕ ದೊಡ್ಡ ದೇವಸ್ಥಾನಗಳ ಪಾಕಶಾಲೆಯಲ್ಲಿ ಇರುವವರೂ ಅವರೇ. ಮದುವೆ, ಉಪನಯನ, ಶ್ರಾದ್ಧಗಳಿಗೆ ಮನೆಗೆ ಬಂದು ಮಡಿಯಲ್ಲಿ ಬೇಯಿಸುವ ಅಡುಗೆಭಟ್ಟರೂ ಗಂಡಸರೇ. ಸಂಬಳವೋ ಸಂಭಾವನೆಯೋ ಗೌರವವೋ ಇರುವ ಕಡೆ ದೇವರ ಅಡುಗೆ ಗಂಡಸಿನದು. ಇವು ಯಾವುವೂ ಇಲ್ಲದ ಮನೆಯಲ್ಲಿ ಮಾತ್ರ ಅದು ಹೆಂಗಸಿನ ಧರ್ಮ. ಇದನ್ನು ತಂದೆಯವರ ಮುಂದೆ ಹೇಳಿದಾಗ ಅವರು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ, ಎಲೆ ಹಾಕಿಕೊಂಡು ಕುಳಿತರು. ಈಗ ವ್ರತದ ಅಡುಗೆ ನನ್ನದೇ. ಉಳಿದ ಎಂಟು ತಿಂಗಳ ಬಗ್ಗೆ ಹೆಂಡತಿಯನ್ನು ಕೇಳಿದರೆ ಬೇರೆ ಉತ್ತರ ಬರಬಹುದು.

ಸಿದ್ಧ ಉಡುಪು ಕಾರ್ಖಾನೆಯ ಕೆಲಸಗಾರ್ತಿ, ಬೆಂಗಳೂರು

ನೀವೆಲ್ಲ ರಜೆಯ ಬಗೆಯನ್ನು ಚರ್ಚಿಸುತ್ತಿದ್ದೀರಿ. ನಮ್ಮಲ್ಲಿ ಶುಕ್ರವಾರ ಗೈರುಹಾಜರಾದರೆ ಆ ದಿನದ ಕೂಲಿಯ ಜೊತೆಗೆ ತಿಂಗಳ ಹಾಜರಿ ಭತ್ಯೆಯೂ ಹೋಗುತ್ತದೆ. ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಸೇವಂತಿಗೆಯ ಮಾರು ಕೇಳುವ ಹಾಗಿರುವುದಿಲ್ಲ. ನಾನು ಬೆಳಿಗ್ಗೆ ದೀಪ ಹಚ್ಚಿ, ಹಣ್ಣು ಇಟ್ಟು ಕೆಲಸಕ್ಕೆ ಬರುತ್ತೇನೆ. ಅಲಂಕಾರ, ಕುಂಕುಮಕ್ಕೆ ಕರೆಯುವುದು ಎಲ್ಲ ಸಂಜೆ. ನಮ್ಮ ವಠಾರದಲ್ಲಿ ಆರು ಮನೆಯವರು ಸೇರಿ ಒಂದೇ ಕಲಶ ಇಡುತ್ತೇವೆ, ಖರ್ಚು ಹಂಚಿಕೊಳ್ಳುತ್ತೇವೆ. ಯಾರ ಪಾಳಿ ಮೊದಲು ಮುಗಿಯುತ್ತದೋ ಅವರು ಅಡುಗೆ ಶುರು ಮಾಡುತ್ತಾರೆ. ಬಡತನಕ್ಕೆ ಮಾಡಿಕೊಂಡ ವ್ಯವಸ್ಥೆ ಇದು, ಆದರೂ ಯಾರಿಗೂ ಕಡಿಮೆಯಾಯಿತು ಎನ್ನಿಸಿಲ್ಲ.

ಅರ್ಥಶಾಸ್ತ್ರ ಬೋಧಕಿ, ತುಮಕೂರು

ಚರ್ಚೆಗೆ ಸಂಬಂಧಿಸಿದ ಎರಡು ಅಂಕಿಗಳನ್ನು ಸೇರಿಸುತ್ತೇನೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗಿದ ಪುರುಷರು 97 ನಿಮಿಷ ಕೊಟ್ಟಿದ್ದರು. 2024ರ ಸಮೀಕ್ಷೆಯಲ್ಲಿ ಮಹಿಳೆಯರದು 289ಕ್ಕೆ ಇಳಿದಿತ್ತು, ಪುರುಷರದು 88ಕ್ಕೆ! ಐದು ವರ್ಷಗಳಲ್ಲಿ ಇಬ್ಬರ ಕೆಲಸವೂ ಸ್ವಲ್ಪ ಕಡಿಮೆಯಾಗಿದೆ. ನಡುವಿನ ಅಂತರ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿದೆ.

ಇದೇ ಸಮೀಕ್ಷೆಯ ವರ್ಗೀಕರಣದಲ್ಲಿ ಧಾರ್ಮಿಕ ಆಚರಣೆಯನ್ನು ಜನರೊಂದಿಗಿನ ಒಡನಾಟ, ಸಮುದಾಯದಲ್ಲಿ ಭಾಗವಹಿಸುವಿಕೆ ಇವುಗಳ ಜೊತೆ ಒಂದೇ ಗುಂಪಿಗೆ ಸೇರಿಸಿದ್ದಾರೆ. ಅಂದರೆ ಲಲಿತಾ ಸಹಸ್ರನಾಮ ಓದಿದ ಅರ್ಧ ಗಂಟೆ ಆ ಗುಂಪಿಗೆ ಹೋಗುತ್ತದೆ. ಒಬ್ಬಟ್ಟಿನ ಹೂರಣ ರುಬ್ಬಿದ ಎರಡು ಗಂಟೆಯನ್ನು ಎಣಿಸುವವರು ಅಡುಗೆ ಎಂದೇ ಬರೆದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ತಿರುಗುಮುರುಗಾದ ಲೆಕ್ಕ ನಡೆಯುತ್ತದೆ. ಹೂರಣ ರುಬ್ಬುವುದನ್ನೂ ಭಕ್ತಿಯ ಖಾತೆಗೆ ಹಾಕಿಬಿಟ್ಟರೆ ಅದರಲ್ಲಿ ಪಾಲು ಕೇಳುವುದೇ ಅಪಚಾರವಾಗುತ್ತದೆ. ಮೈಸೂರಿನ ಹಿರಿಯರು ಲೆಕ್ಕ ಹಾಕಬಾರದು ಎಂದದ್ದು ಈ ಕಾರಣಕ್ಕೇ ನನಗೆ ಒಪ್ಪಿಗೆಯಾಗಲಿಲ್ಲ. ಜಪ ಎಷ್ಟಾಯಿತೆಂದು ಎಣಿಸಲು ಮಣಿಸರವಿದೆ, ಪ್ರದಕ್ಷಿಣೆಗೂ ಎಣಿಕೆಯಿದೆ; ದುಡಿಮೆಗೆ ಮಾತ್ರ ಎಣಿಕೆ ಏಕೆ ಕೂಡದು?

ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು

ಎಣಿಸಿ, ಬೇಡವೆನ್ನಲಿಲ್ಲ. ಪೂಜೆಗೆ ಕುಳಿತಾಗ ಎಣಿಸಬೇಡಿ ಎಂದೆ. ಹಬ್ಬಕ್ಕೆ ವಾರ ಮುಂಚೆ ಕುಳಿತು ಎಣಿಸಿ, ಹಂಚಿ, ಜಗಳವಾಡುವುದಿದ್ದರೆ ಅದನ್ನೂ ಮುಗಿಸಿಕೊಳ್ಳಿ. ಶಿವಮೊಗ್ಗದವರು ಮಠದ ಪಾಕಶಾಲೆಯ ಬಗ್ಗೆ ಹೇಳಿದ್ದಕ್ಕೆ ನನ್ನ ಬಳಿ ಉತ್ತರವಿಲ್ಲ. ನಮ್ಮ ಮಾವನವರ ಶ್ರಾದ್ಧಕ್ಕೂ ಅಡುಗೆಗೆ ಬರುತ್ತಿದ್ದವರು ಗಂಡಸರೇ.

ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಎಲ್ಲರಿಗೂ ವಂದನೆಗಳು. ಉಡುಪು ಕಾರ್ಖಾನೆಯ ಸಹೋದರಿಯ ಮಾತು ಓದಿದ ಮೇಲೆ ವ್ರತದ ಕಥೆಯನ್ನೇ ಮತ್ತೆ ತೆಗೆದು ಓದಿದೆ. ಪ್ರತಿ ವರ್ಷ ಅಕ್ಷತೆ ಹಿಡಿದು ಓದುವ ಕಥೆ. ಕುಂಡಿನ ನಗರದ ಚಾರುಮತಿಗೆ ಕನಸಿನಲ್ಲಿ ದೇವಿ ವ್ರತ ಮಾಡೆಂದು ಹೇಳುತ್ತಾಳೆ, ಅವಳು ಅದನ್ನು ಗಂಡನಿಗೂ ಅತ್ತೆಮಾವಂದಿರಿಗೂ ತಿಳಿಸುತ್ತಾಳೆ, ಅವರೆಲ್ಲ ಒಪ್ಪುತ್ತಾರೆ. ಸುದ್ದಿ ಕೇಳಿದ ಊರಿನ ಹೆಂಗಸರೂ ಆ ದಿನಕ್ಕಾಗಿ ಕಾದಿದ್ದು, ಎಲ್ಲರೂ ಒಂದೆಡೆ ಸೇರಿ ಪೂಜೆ ಮಾಡುತ್ತಾರೆ. ಮನೆಗೊಂದು ಕಲಶ, ಮನೆಗೊಬ್ಬಳು ಒಂಟಿ ಹೆಂಗಸು ಎಂಬುದು ಕಥೆಯಲ್ಲಿ ಇಲ್ಲವೇ ಇಲ್ಲ. ವಠಾರದವರು ಬಡತನದ ವ್ಯವಸ್ಥೆ ಎಂದು ಸಂಕೋಚಪಟ್ಟದ್ದು ಕಥೆಗೆ ನಮ್ಮೆಲ್ಲರ ಆಚರಣೆಗಿಂತ ಹತ್ತಿರವಾಗಿದೆ.

ಇದನ್ನು ಅತ್ತೆಯವರಿಗೆ ಓದಿ ಹೇಳಿದೆ. ಅಕ್ಕಪಕ್ಕದ ಮೂರು ಮನೆಯವರು ಸೇರಿ ಮಾಡುವುದಕ್ಕೆ ಅವರು ಸುಲಭವಾಗಿ ಒಪ್ಪಿದರು, ಆದರೆ ಕಲಶ ನಮ್ಮ ಮನೆಯಲ್ಲೇ ಇರಬೇಕೆಂಬುದು ಅವರ ಷರತ್ತು. ಗಂಡನಿಗೆ ಒಬ್ಬಟ್ಟಿನ ಹೂರಣದ ಹೊಣೆ ಒಪ್ಪಿಸಿದ್ದೇನೆ. ಅವರು ಹೂರಣ ತಿನ್ನುವುದರಲ್ಲಿ ಮಾತ್ರ ಅನುಭವಸ್ಥರಾದ್ದರಿಂದ ಎರಡು ಭಾನುವಾರ ಅಭ್ಯಾಸ ಮಾಡಬೇಕೆಂದು ನಿರ್ಧಾರವಾಗಿದೆ. ಸೀರೆ ಉಡಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ಅದು ನನಗೆ ಇಷ್ಟ.

ಇನ್ನೊಂದು ವಿಚಾರಕ್ಕೆ ಸಲಹೆ ಬೇಕು. ನಮ್ಮ ಶಾಖೆಗೆ ಹೊಸದಾಗಿ ಬಂದ ಹುಡುಗಿಗೆ ಇದು ಮದುವೆಯಾದ ಮೊದಲ ಶ್ರಾವಣ. ಮಂಗಳಗೌರಿ ವ್ರತ ಐದು ವರ್ಷ, ಶ್ರಾವಣದ ಪ್ರತಿ ಮಂಗಳವಾರ. ಅಷ್ಟು ಮಂಗಳವಾರ ರಜೆ ಸಿಗುವುದಿಲ್ಲ, ಅವಳ ಅತ್ತೆಯವರು ಇರುವುದು ಬಾಗಲಕೋಟೆಯಲ್ಲಿ. ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಸುವ ಕ್ರಮ ಯಾರಿಗಾದರೂ ಗೊತ್ತಿದೆಯೇ?

ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು

ಗೊತ್ತಿದೆ, ನಾನೇ ಐದು ವರ್ಷ ಹಾಗೆ ಮಾಡಿದವಳು. ತಂಬಿಟ್ಟಿನ ದೀಪಕ್ಕೆ ಹಿಟ್ಟು, ಬೆಲ್ಲ ಸೋಮವಾರ ರಾತ್ರಿಯೇ ಅಳೆದಿಟ್ಟುಕೊಳ್ಳಲಿ, ಹೂಬತ್ತಿಗಳನ್ನು ಭಾನುವಾರವೇ ಹೊಸೆದು ಡಬ್ಬಿಗೆ ಹಾಕಲಿ. ಆರಕ್ಕೆ ಪೂಜೆಗೆ ಕುಳಿತರೆ ಕಥೆ, ಆರತಿ ಸೇರಿ ಏಳೂಕಾಲಿಗೆ ಮುಗಿಯುತ್ತದೆ. ಮುತ್ತೈದೆಯರಿಗೆ ಬಾಗಿನ ಕೊಡುವುದನ್ನು ಸಂಜೆಗೆ ಇಟ್ಟುಕೊಳ್ಳಬಹುದು. ತಂಬಿಟ್ಟು ಕಲಸುವುದನ್ನು ಅವಳ ಗಂಡನಿಗೆ ಕಲಿಸಲಿ. ಅಳತೆಯನ್ನು ನಾಳೆ ಬರೆದು ಹಾಕುತ್ತೇನೆ.